ಹಕ್ಕಿಯ ಎರಡನೇ ಕಾಲು

"ಕುಂಚ ಕೆಳಗಿಡ್ರೀ ಮೊದಲು!"

ಅವಳ ದನಿ ಖಾಲಿ ಗ್ಯಾಲರಿಯ ಆ ತುದಿಯವರೆಗೂ ಹೋಗಿ ವಾಪಸು ಬಂತು. ಕುಂಚ ಮಾತ್ರ ಕೆಳಗಿಳಿಯಲಿಲ್ಲ.

ಬೆಳಿಗ್ಗೆ ಬಾಗಿಲು ತಳ್ಳಿಕೊಂಡು ಒಳಗೆ ಬಂದವಳ ಹೆಗಲಲ್ಲಿ ಇನ್ನೂ ಚೀಲ ಹಾಗೇ ಇತ್ತು. ಬಲಗಡೆಯ ಉದ್ದ ಗೋಡೆಯ ಮೇಲೆ ಅವಳೇ ಅಳೆದೂ ಸುರಿದೂ ತೂಗುಹಾಕಿದ್ದ ದೊಡ್ಡ ಚಿತ್ರ. ಅದರ ಮುಂದೆ ಅವಳದೇ ಸ್ಟೂಲು. ಸ್ಟೂಲಿನ ಮೇಲೆ ಕೆದರಿದ ತಲೆಯ ಒಬ್ಬ ಗಂಡಸು ಆರಾಮಾಗಿ ಕೂತು, ಚಿತ್ರದೊಳಗಿನ ಹಕ್ಕಿಯ ಹೊಟ್ಟೆಯ ಕೆಳಗೆ ಏನನ್ನೋ ಬಳಿಯುತ್ತಿದ್ದ.

ಅಯ್ಯೋ ದೇವರೇ... ಚಿತ್ರ ಹಾಳುಮಾಡೋ ಹುಚ್ಚರು ಇರ್ತಾರೆ ಅಂತ ಕೇಳಿದ್ದೆ. ನನ್ನ ಪ್ರದರ್ಶನಕ್ಕೇ ಬಂದು ವಕ್ಕರಿಸ್ಬೇಕಾ?

ಓಡಿಹೋಗಿ ಅವನ ಮಣಿಕಟ್ಟು ಹಿಡಿದಳು. ಹಿಡಿದ ರಭಸಕ್ಕೆ ಕುಂಚದ ತುದಿಯ ಕಿತ್ತಳೆ ಬಣ್ಣ ಅವಳ ತೋಳಿನ ಉದ್ದಕ್ಕೂ ಗೀಚಿತು.

"ಒಂದ್ನಿಮಿಷ ಮೇಡಂ," ಅಂದ ಅವನು, ಅವಳ ಮುಖ ನೋಡದೆ, ಗೋಡೆಗೆ ಹೇಳುವವನ ಹಾಗೆ. "ಕಾಲು ಒಣಗ್ಬೇಕು."

"ಯಾರ ಕಾಲು?"

"ಹಕ್ಕೀದು."

ಅವಳ ಪಿತ್ತ ನೆತ್ತಿಗೇರಿತು. "ಪೊಲೀಸರನ್ನ ಕರೀತೀನಿ ನೋಡಿ."

"ಕರೀರಿ. ಆದ್ರೆ ಕೈ ಬಿಟ್ಟು ಕರೀರಿ. ಅಲುಗಾಡಿದ್ರೆ ಉಗುರು ಕೆಡುತ್ತೆ."

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಗ್ಯಾಲರಿಯ ಯಜಮಾನ್ತಿ ಟೀ ಲೋಟ ಹಿಡಿದುಕೊಂಡು ಬಂದರು. "ಬಿಡೇ ರಸಮಟ್ಟ. ಅವರೇ ಬರೆದಿರೋ ಚಿತ್ರ ಅದು. ಬಾಗಿಲು ತೆಗೆದಿದ್ದು ನಾನೇ."

ರಸಮಟ್ಟ ಅಂದರೆ ಇವಳೇ. ಗೋಡೆ ಕಟ್ಟುವವರು ಮಟ್ಟ ನೋಡಲು ಇಟ್ಟುಕೊಳ್ಳುತ್ತಾರಲ್ಲ, ನೀರಿನೊಳಗೆ ಗಾಳಿಗುಳ್ಳೆ ಓಡಾಡುವ ಕಡ್ಡಿ, ಅದು ಸದಾ ಅವಳ ಚೀಲದಲ್ಲಿ ಇರುತ್ತಿತ್ತು. ಚಿತ್ರವೊಂದು ಕೂದಲೆಳೆಯಷ್ಟು ಓರೆಯಾದರೂ ಅವಳಿಗೆ ಅನ್ನ ಸೇರದು. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಫೋಟೋ ಸರಿಮಾಡಿ ಆಮೇಲೆ ಕ್ಷೇಮಸಮಾಚಾರ ಕೇಳುವ ಹುಡುಗಿ. ಯಜಮಾನ್ತಿ ತಮಾಷೆಗೆ ಇಟ್ಟ ಹೆಸರು ಎಲ್ಲರ ಬಾಯಲ್ಲೂ ನಿಂತುಹೋಗಿತ್ತು.

ಕಡಲಿನ ಚಿತ್ರಗಳ ಈ ಪ್ರದರ್ಶನವನ್ನು ಯಜಮಾನ್ತಿ ಮೊದಲ ಸಲ ಪೂರ್ತಿ ಅವಳ ಕೈಗೆ ಒಪ್ಪಿಸಿದ್ದರು. ಕಲಾವಿದರ ಜೊತೆ ಮಾತಾಡಿದ್ದಷ್ಟೇ ಯಜಮಾನ್ತಿ. ಪುಸ್ತಿಕೆ ಅಚ್ಚು ಹಾಕಿಸಿದವಳೂ ಅವಳೇ. ಅದರ ಮುಖಪುಟದಲ್ಲಿ ಇದೇ ಹಕ್ಕಿ ಇತ್ತು. ಬಂಡೆಯ ಮೇಲೆ ಒಂದು ಕಾಲಲ್ಲಿ ನಿಂತು, ಕತ್ತು ಬಲಕ್ಕೆ ತಿರುಗಿಸಿ ಕಡಲು ನೋಡುತ್ತಿರುವ ಬಿಳಿ ಹಕ್ಕಿ. ಕೆಳಗೆ ದಪ್ಪ ಅಕ್ಷರದಲ್ಲಿ 'ಒಂಟಿ ಕಾಲಿನ ಕಡಲಹಕ್ಕಿ' ಎಂಬ ಹೆಸರು.

ಗೋಡೆಯ ಮೇಲಿನ ಹಕ್ಕಿಗೆ ಈಗ ಎರಡು ಕಾಲಿದ್ದವು.

"ರೀ, ಪುಸ್ತಿಕೇಲಿ ಒಂಟಿ ಕಾಲು ಅಂತ ಅಚ್ಚಾಗಿದೆ."

"ಹೌದಾ? ಪಾಪ, ಎಷ್ಟು ಹೊತ್ತು ಅಂತ ಒಂದೇ ಕಾಲಲ್ಲಿ ನಿಲ್ಲುತ್ತೆ."

"ಅದು ಚಿತ್ರ ಕಣ್ರೀ."

"ಅದಕ್ಕೇ ಪಾಪ ಅನ್ಸೋದು. ನಿಜವಾದ ಹಕ್ಕಿ ಆಗಿದ್ರೆ ಹಾರಿಹೋಗ್ತಿತ್ತು."

"ಮಾತಾಡೋವಾಗ ಮುಖ ನೋಡಿ ಮಾತಾಡಿ."

ಅವನು ಪ್ರಯತ್ನಪಟ್ಟ. ನಿಜವಾಗಿಯೂ ಪಟ್ಟ. ಅವನ ನೋಟ ಅವಳ ಭುಜದವರೆಗೆ ಬಂತು, ಕಿವಿಯ ಹತ್ತಿರ ಸ್ವಲ್ಪ ಹೊತ್ತು ತಡವರಿಸಿತು, ಆಮೇಲೆ ಬಿದ್ದಂಬೀಳ ಹಕ್ಕಿಯ ಕಡೆಗೆ ಓಡಿಹೋಯಿತು.

ಎಂಥಾ ಅಹಂಕಾರ! ಮನುಷ್ಯರ ಮುಖ ನೋಡಿದ್ರೆ ಇವನ ಗಂಟೇನು ಹೋಗುತ್ತೆ?

ಯಜಮಾನ್ತಿಯ ಹತ್ತಿರ ದೂರು ಒಯ್ದರೆ ಅವರು ಗ್ಯಾಲರಿಯ ಹಳೇ ಪದ್ಧತಿಯನ್ನು ನೆನಪಿಸಿದರು. ಚಿತ್ರದ ಪಕ್ಕ ಕೆಂಪು ಚುಕ್ಕಿ ಅಂಟಿಸಿದರೆ ಅದು ಮಾರಾಟವಾಯಿತು ಎಂದು ಅರ್ಥ. ಚುಕ್ಕಿ ಬೀಳುವವರೆಗೂ ಚಿತ್ರ ಬರೆದವರದು, ಅವರು ಮುಟ್ಟಬಹುದು, ತಿದ್ದಬಹುದು. ಚುಕ್ಕಿ ಬಿದ್ದ ಮೇಲೆ ಬೆರಳು ಸಹ ತಾಗಿಸುವಂತಿಲ್ಲ.

"ಹಾಗಾದ್ರೆ ಮೊದಲು ಆ ಹಕ್ಕಿಗೆ ಚುಕ್ಕಿ ಹಾಕಿಸ್ತೀನಿ," ಎಂದು ಅವಳು ಹಲ್ಲು ಕಚ್ಚಿದಳು.

*

ಆಮೇಲೆ ಶುರುವಾಯಿತು ನೋಡಿ ಪೀಕಲಾಟ.

ಅವನು ಮತ್ತೆ ಬಂದ. ಹೋದ ಅನ್ನುವಷ್ಟರಲ್ಲಿ ಮತ್ತೂ ಬಂದ. ಒಮ್ಮೆ ರೆಕ್ಕೆ ಕೆಳಗಿಳಿಯಿತು. ಇನ್ನೊಮ್ಮೆ ಬಂಡೆ ಅಗಲವಾಯಿತು. ಮತ್ತೊಮ್ಮೆ ಕತ್ತಿನ ಬಳಿ ಏನೋ ಬೂದುಬಣ್ಣ ಮೆತ್ತಿ, "ನೆರಳು ಸರಿಯಿರಲಿಲ್ಲ," ಅಂದ. ಸಂಜೆ ಒಂದು ಹಕ್ಕಿಯನ್ನು ಬಿಟ್ಟುಹೋದರೆ ಬೆಳಿಗ್ಗೆ ಬೇರೆ ಹಕ್ಕಿ ಗುಡ್ ಮಾರ್ನಿಂಗ್ ಹೇಳುತ್ತಿತ್ತು.

ಅವಳು ಕುಂಚ ಕಿತ್ತುಕೊಳ್ಳತೊಡಗಿದಳು. ಅಂಗಿಯ ಜೇಬಿನಿಂದ ಒಂದು, ಕಾಲುಚೀಲದಿಂದ ಒಂದು, ಮಡಿಸಿದ ಛತ್ರಿಯೊಳಗಿಂದ ಒಂದು. ಎಲ್ಲವೂ ಅವಳ ಮೇಜಿನ ಡ್ರಾಯರಿಗೆ ಸೇರಿದವು. ಅವನು ಸ್ಕೂಲಿನಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ಅಂಗೈ ಚಾಚಿ ಒಪ್ಪಿಸಿ, ಮರುದಿನ ಹೊಸದೊಂದನ್ನು ತರುತ್ತಿದ್ದ.

"ನಿಮಗೆ ಬೇರೆ ಕೆಲಸ ಇಲ್ವಾ?" ಎಂದು ಕೇಳಿದರೆ, "ಇದೆ. ಇದು ಮುಗಿದ ಮೇಲೆ," ಎಂದು ಹಕ್ಕಿಗೆ ಹೇಳುತ್ತಿದ್ದ.

ಹಲ್ಲಿನ ಡಾಕ್ಟರೊಬ್ಬರು ಪುಸ್ತಿಕೆ ಕೈಯಲ್ಲಿ ಹಿಡಿದೇ ಬಂದರು. ಅವರ ಕ್ಲಿನಿಕ್ಕಿಗೆ ಒಂದು ಚಿತ್ರ ಬೇಕಾಗಿತ್ತು. ಮುಖಪುಟದ ಹಕ್ಕಿಯನ್ನು ನೋಡಿ ಮನಸ್ಸು ಮಾಡಿಬಿಟ್ಟಿದ್ದರು. ಗೋಡೆಯ ಮುಂದೆ ನಿಂತರು, ಪುಸ್ತಿಕೆ ನೋಡಿದರು, ಮತ್ತೆ ಗೋಡೆ ನೋಡಿದರು. ಒಮ್ಮೆ ಹಿಂತಿರುಗಿ ಅವಳ ಮೇಜಿನ ಕಡೆಗೂ ನೋಡಿದರು.

"ಇದು ಆ ಹಕ್ಕಿ ಅಲ್ಲಮ್ಮ," ಅಂದರು.

"ಅದೇ ಸಾರ್. ಕಲಾವಿದರು ಸ್ವಲ್ಪ... ಕಾಲು..."

"ಕಾಲಿನ ಮಾತಲ್ಲ." ಏನೋ ಹೇಳಲು ಬಾಯಿ ತೆರೆದವರು ಅವಳ ಗಂಟುಮುಖ ನೋಡಿ ಸುಮ್ಮನಾದರು. "ಇರ್ಲಿ ಬಿಡಿ. ಇನ್ನೊಂದ್ಸಲ ಬರ್ತೀನಿ."

ಆ ದಿನ ಮನೆಗೆ ಹೋದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. ಅಕ್ಕ ತಟ್ಟೆ ಹಾಕುತ್ತಿದ್ದಳು, ಭಾವ ಪಾತ್ರೆ ಒರೆಸುತ್ತಿದ್ದರು. ತಟ್ಟೆ ಖಾಲಿಯಾಗುವವರೆಗೂ ಅವಳ ಬೈಗುಳ ನಿಲ್ಲಲಿಲ್ಲ.

"ಇವತ್ತು ಯಾವ ಅಂಗಿ ಹಾಕಿದ್ದ?" ಅಕ್ಕ ಕೇಳಿದಳು.

"ಅದೇ ನೀಲಿ ಗೆರೆದು. ಮೊಣಕೈ ಹತ್ರ ಹರಿದಿದೆ, ಹೊಲಿಸ್ಕೊಳ್ಳೋ ಯೋಗ್ಯತೇನೂ ಇಲ್ಲ."

ಅಕ್ಕ ಭಾವನನ್ನು ನೋಡಿದಳು. ಭಾವ ಪಾತ್ರೆಯನ್ನು ನೋಡಿದರು.

"ಏನು? ಏನ್ ನೋಡ್ತಿದೀರಾ ಇಬ್ರೂ?"

"ಏನಿಲ್ಲಮ್ಮ," ಅಂದರು ಭಾವ. "ಯಾರನ್ನ ಕಂಡ್ರೂ ಓರೆ ಅನ್ನೋ ನೀನು, ಒಬ್ಬನನ್ನ ಇಷ್ಟು ವಿವರವಾಗಿ ನೋಡಿದ್ದು ಇದೇ ಮೊದಲು."

ಅವಳು ಕೈತೊಳೆಯಲು ಎದ್ದುಹೋದಳು. ಸುಮ್ಮನೆ ಹೋದಳು ಅಂದುಕೊಳ್ಳಬೇಡಿ, ಅಡುಗೆಮನೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿಯೇ ಹೋದಳು.

*

ಒಂದು ಮಧ್ಯಾಹ್ನ ಪಕ್ಕದ ಚಿತ್ರಕ್ಕೆ ಮೊಳೆ ಹೊಡೆಯುವಾಗ ಸುತ್ತಿಗೆ ಜಾರಿ ಅವಳ ಹೆಬ್ಬೆರಳಿಗೆ ಬಿತ್ತು. ಕಣ್ಣಲ್ಲಿ ನೀರು ಬಂತು. ಕೂಗಲಿಲ್ಲ, ತುಟಿ ಕಚ್ಚಿ ಗೋಡೆಗೆ ಒರಗಿದಳು ಅಷ್ಟೆ.

ಗ್ಯಾಲರಿಯ ಆ ತುದಿಯಲ್ಲಿದ್ದ ಅವನು ಓಡಿಬಂದ. ಬಂದವನು ಹಿಂದೆ ಮುಂದೆ ನೋಡದೆ, ಕುಂಚ ತೊಳೆಯುವ ಡಬ್ಬಿಯ ನೀರಿಗೇ ಅವಳ ಬೆರಳು ಅದ್ದಿಬಿಟ್ಟ.

"ತಣ್ಣಗಿದೆ. ಹಾಗೇ ಇಟ್ಕೊಳ್ಳಿ. ನೋವು ಇಳಿಯುತ್ತೆ."

ಪೆಟ್ಟು ಬಿದ್ದದ್ದು ಅವಳಿಗೆ, ಬಿಳಿಚಿಕೊಂಡಿದ್ದು ಅವನ ಮುಖ.

ಬೆರಳು ಹೊರಗೆ ಬಂದಾಗ ಕಡುನೀಲಿಯಾಗಿತ್ತು.

"ಅಯ್ಯೋ... ರಕ್ತ ಕಟ್ಟಿದೆ," ಅಂದ ಅವನು.

"ಬಣ್ಣ ಕಣ್ರೀ ಅದು! ನಿಮ್ಮ ಡಬ್ಬಿ ನೀರು!"

ಬೈಯಲು ಹೋದವಳಿಗೆ ನಗು ಬಂದುಬಿಟ್ಟಿತು. ಅವನೂ ನಕ್ಕ. ಡಬ್ಬಿಯನ್ನೇ ನೋಡಿಕೊಂಡು ನಕ್ಕ ಅನ್ನಿ. ಆದರೂ ಆ ನಗು ಅವಳ ಎದೆಯೊಳಗೆ ಬಂದು ಕೂತಿತು. ಉಗುರಂಚಿನಲ್ಲಿ ಉಳಿದ ನೀಲಿಯನ್ನು ಸೋಪು ಹಚ್ಚಿ ಉಜ್ಜಿದ್ದರೆ ಹೋಗುತ್ತಿತ್ತು. ಅವಳು ಉಜ್ಜಲಿಲ್ಲ.

ಥೂ... ಇದೇನಿದು ನಂಗೆ? ಇಂಥ ತಲೆತಿನ್ನೋ ಮನುಷ್ಯ ಬರೋ ಹೊತ್ತಿಗೆ ಬಾಗಿಲ ಕಡೆ ಯಾಕೆ ನೋಡ್ತೀನಿ?

ಪ್ರದರ್ಶನ ಮುಗಿಯುವ ವಾರ ಬಂತು. ಒಂದು ಸಂಜೆ ಅವನು ಹಕ್ಕಿಯ ಕಣ್ಣಿಗೆ ಸಣ್ಣದೊಂದು ಚುಕ್ಕೆ ಇಟ್ಟು, ತಾನಾಗಿಯೇ ಕುಂಚವನ್ನು ಅವಳ ಮೇಜಿನ ಮೇಲಿಟ್ಟ.

"ಮುಗೀತು ಮೇಡಂ. ಇನ್ನು ಮುಟ್ಟಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ." ಅವನು ಮೇಜಿನ ಅಂಚಿಗೆ ಹೇಳಿದ. "ಒಂದು ಉಪಕಾರ ಮಾಡಿ. ಬೆಳಿಗ್ಗೆ ಬಂದ ತಕ್ಷಣ ನಿಮ್ಮ ಕುರ್ಚೀಲಿ ಕೂತು ಅದನ್ನ ಒಂದ್ಸಲ ಸರಿಯಾಗಿ ನೋಡಿ. ಅಂಚು ಅಲ್ಲ, ಮಟ್ಟ ಅಲ್ಲ. ಹಕ್ಕೀನ ನೋಡಿ. ನಾಳೆ ಬಂದು... ನಿಮ್ಮ ಉತ್ತರ ಕೇಳ್ತೀನಿ."

ಅವನ ಕಿವಿ ಕೆಂಪಾಗಿತ್ತು. ಅದು ಅವಳಿಗೆ ಕಂಡಿತು. ಅರ್ಥವಾಗಲಿಲ್ಲ.

ನಿಮಗೆ ಅರ್ಥವಾಗಿರಬಹುದು. ಏನು ಮಾಡೋಣ, ನಮ್ಮ ರಸಮಟ್ಟದ ಕಣ್ಣಿಗೆ ಇಷ್ಟು ವರ್ಷ ಚಿತ್ರದ ಅಂಚಿನ ಮೇಲೇ ಓಡಾಡಿ ಅಭ್ಯಾಸ. ಒಳಗಡೆ ಏನಿದೆ ಎಂದು ನೋಡುವುದು ಕೊಳ್ಳಲು ಬಂದವರ ಕೆಲಸ ಅಂದುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಹೇಳಿದ ಹಾಗೇ ಕುರ್ಚಿಯಲ್ಲಿ ಕೂತಳು. ಕತ್ತೆತ್ತಿ ನೋಡಿದಳು.

ಕಿಟಕಿಯ ಬಿಸಿಲು ನೇರ ಚಿತ್ರದ ಮೇಲೆ ಬಿದ್ದಿತ್ತು. ಹೊಸದಾಗಿ ಹಚ್ಚಿದ ಬಣ್ಣವೆಲ್ಲ ಎಣ್ಣೆ ಸವರಿದ ಹಾಗೆ ಮಿರಮಿರ ಹೊಳೆಯುತ್ತಿತ್ತು. ಹಕ್ಕಿಯ ತಲೆ ಇರುವ ಜಾಗದಲ್ಲಿ ಕಣ್ಣುಕುಕ್ಕುವ ಬೆಳಕು ಬಿಟ್ಟರೆ ಬೇರೇನೂ ಕಾಣಲಿಲ್ಲ.

"ತೇಪೆ!" ಅವಳು ಹಣೆ ಚಚ್ಚಿಕೊಂಡಳು. "ಒಂದೊಂದು ತೇಪೆನೂ ಎದ್ದು ಕಾಣ್ತಿದೆ. ಯಾರು ತಗೋತಾರೆ ಇದನ್ನ?"

ಉದ್ದನೆಯ ಹಾಲ್ ಅದು. ಒಂದು ತುದಿಯಲ್ಲಿ ಬಾಗಿಲು, ಇನ್ನೊಂದು ತುದಿಯಲ್ಲಿ ಅವಳ ಮೇಜು. ಅವಳು ಚಿತ್ರವನ್ನು ಇಳಿಸಿ, ಬಿಸಿಲು ಬೀಳದ ಎದುರುಗೋಡೆಗೆ ಸಾಗಿಸಿದಳು. ಮಟ್ಟ ನೋಡಿದಳು. ಗುಳ್ಳೆ ನಡುವಿಗೆ ಬಂದು ನಿಂತಾಗ ಅವಳ ಜೀವಕ್ಕೂ ಸಮಾಧಾನವಾಯಿತು.

ಅವಳ ಅದೃಷ್ಟವೋ ದುರದೃಷ್ಟವೋ, ಮಧ್ಯಾಹ್ನಕ್ಕೆ ಮುಂಚೆ ಹಲ್ಲಿನ ಡಾಕ್ಟರು ಮತ್ತೆ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು.

"ಅರೆ, ಈಗ ಬಾಗಿಲನ್ನ ನೋಡ್ತಿದೆಯಲ್ಲ. ನಮ್ಮಲ್ಲಿಗೆ ಬರೋರು ಬಾಗಿಲಲ್ಲೇ ಹೆದರಿ ನಿಲ್ತಾರೆ. ಒಳಗಿಂದ ಒಂದು ಹಕ್ಕಿ ಬಾ ಅಂತ ನೋಡ್ತಿದ್ರೆ ಎಷ್ಟೋ ಧೈರ್ಯ. ನಂಗೇ ಇರ್ಲಿ ಇದು."

ಕೆಂಪು ಚುಕ್ಕಿ ಅಂಟಿಸುವಾಗ ಅವಳ ಕೈ ಒಂದು ಗಳಿಗೆ ತಡೆಯಿತು. ಚುಕ್ಕಿ ಬಿದ್ದರೆ ಅವನು ಕುಂಚ ತರುವ ಹಾಗಿಲ್ಲ. ಕುಂಚ ತರದಿದ್ದರೆ... ಇಲ್ಲಿಗೆ ಬರುವ ಕೆಲಸವೇ ಇಲ್ಲ.

ಇರ್ಲಿ. ಗೆದ್ದೆ ತಾನೇ? ಗೆದ್ದಿದ್ದಕ್ಕೆ ಇಷ್ಟು ಸಂಕಟ ಯಾಕೆ?

ಅಂಟಿಸಿದಳು.

*

ಅವನು ಬಂದಾಗ ಮೊಣಕೈ ಹರಿಯದ ಅಂಗಿ ಹಾಕಿಕೊಂಡಿದ್ದ. ತಲೆ ಬಾಚಿದ್ದ. ನೇರವಾಗಿ ಹಳೆಯ ಗೋಡೆಯ ಕಡೆಗೆ ಹೋದ. ಅಲ್ಲಿ ಬರೀ ಮೊಳೆ ಇತ್ತು.

ಆಮೇಲೆ ನಿಧಾನಕ್ಕೆ ತಿರುಗಿ ಎದುರುಗೋಡೆ ನೋಡಿದ. ಹಕ್ಕಿಯನ್ನು ನೋಡಿದ, ಹಕ್ಕಿ ನೋಡುತ್ತಿದ್ದ ಬಾಗಿಲನ್ನು ನೋಡಿದ.

"ಚಿತ್ರ... ನೀವೇ ಬದಲಾಯಿಸಿದ್ರಾ?"

"ಹೌದು, ನಾನೇ." ಸಂಕಟವನ್ನು ಮುಚ್ಚಿಕೊಳ್ಳಲು ಅವಳು ದನಿಯನ್ನು ಗಟ್ಟಿಮಾಡಿದಳು. "ಅದು ಅಲ್ಲಿದ್ರೆ ನಂಗೆ ಕೂತು ಕೆಲಸ ಮಾಡಕ್ಕೇ ಆಗ್ತಿರಲಿಲ್ಲ, ಕಣ್ಣು ಕುಕ್ತಿತ್ತು."

"ನಾನು ಹೇಳಿದ ಹಾಗೆ ಕೂತು ನೋಡಿದ ಮೇಲೆ?"

"ನೋಡಿದ ಮೇಲೇನೇ. ಹೇಳಿ, ಈಗ ಚೆನ್ನಾಗಿಲ್ವಾ? ಬದಲಾಯಿಸಿದ ದಿನಾನೇ ಹೋಯ್ತು. ನೋಡಿ, ಚುಕ್ಕಿ."

ಅವನು ಚುಕ್ಕಿ ನೋಡಿದ. ತುಂಬ ಹೊತ್ತು ನೋಡಿದ.

"ಸರಿ ಮೇಡಂ," ಅಂದ. "ನಿಮ್ಮ ಉತ್ತರ ಸಿಕ್ತು. ಇಷ್ಟು ದಿನ ತೊಂದರೆ ಕೊಟ್ಟೆ. ಬೇಜಾರ್ ಮಾಡ್ಕೋಬೇಡಿ."

"ಒಂದು ಟೀ ಆದ್ರೂ..."

ಅವನು ಆಗಲೇ ಬಾಗಿಲ ಬಳಿ ಇದ್ದ. ಆ ಹಕ್ಕಿ ನೋಡುತ್ತಿದ್ದ ಬಾಗಿಲನ್ನೇ ದಾಟಿ ಹೋದ.

ಏನಾಯ್ತು ಇವನಿಗೆ? ಚಿತ್ರ ಮಾರಾಟ ಆದ್ರೆ ಯಾರಾದ್ರೂ ಹೀಗೆ ಸತ್ತ ಮುಖ ಮಾಡ್ತಾರಾ?

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ಮೂರು ಸಲ ಫೋನ್ ಕೈಗೆತ್ತಿಕೊಂಡು ಮೂರು ಸಲ ಕೆಳಗಿಟ್ಟಳು. ಮಾಡಿ ಏನಂತ ಕೇಳುವುದು? ಯಾಕೆ ನನ್ನ ತಲೆ ತಿನ್ನಕ್ಕೆ ಬರ್ಲಿಲ್ಲ ಅಂತಲೇ?

ಯಜಮಾನ್ತಿ ಟೀ ಕುಡಿಯುತ್ತ ಸಹಜವಾಗಿ ಹೇಳಿದರು. "ನಿನ್ನ ಹಕ್ಕಿಯವರು ಫೋನ್ ಮಾಡಿದ್ರು. ಉಳಿದ ಎರಡು ಚಿತ್ರ ವಾಪಸು ಕಳಿಸ್ಬೇಕಂತೆ. ಇನ್ನು ಮುಂದೆ ಈ ಗ್ಯಾಲರಿಗೆ ಕೊಡಲ್ವಂತೆ."

ಅವಳು ಗಕ್ಕನೆ ತಿರುಗಿದಳು. "ಯಾಕಂತೆ?"

"ಕೇಳಿದೆ. ಇಲ್ಲಿಗೆ ಬರೋದು ಕಷ್ಟ ಅಂದ್ರು. ನೀನು ಏನಾದ್ರೂ ಅಂದ್ಯೇನೇ?"

"ನಾನು ಅನ್ನದೇ ಇದ್ದ ದಿನ ಯಾವುದು?" ಅಂದಳು ಅವಳು. ದನಿ ಒಡೆದುಹೋಯಿತು.

ಆ ಸಂಜೆ ಮನೆಯಲ್ಲಿ ಯಾರನ್ನೂ ಬೈಯಲಿಲ್ಲ. ಅಕ್ಕ ತಟ್ಟೆಯ ಮುಂದೆ ಅವಳನ್ನು ಎರಡು ಸಲ ಕರೆಯಬೇಕಾಯಿತು.

"ಬಂದಿರ್ಲಿಲ್ವಾ?" ಅಕ್ಕ ಮೆಲ್ಲಗೆ ಕೇಳಿದಳು.

ಅವಳು ಇಲ್ಲವೆಂದು ತಲೆಯಾಡಿಸಿದಳು. "ಅಕ್ಕ, ನಂಗೆ ಅವನು ಬೇಕು ಕಣೆ. ಆ ಹಾಳು ಅಭ್ಯಾಸ ಎಲ್ಲ ಸೇರಿ ಬೇಕು. ಆದ್ರೆ ಏನ್ ತಪ್ಪು ಮಾಡ್ದೆ ಅಂತಾನೇ ಗೊತ್ತಾಗ್ತಿಲ್ಲ."

ಅಕ್ಕ ಅವಳ ತಲೆ ಸವರಿದಳು.

*

ಪ್ರದರ್ಶನದ ಕಡೇ ದಿನ ಹಲ್ಲಿನ ಡಾಕ್ಟರು ಚಿತ್ರ ಒಯ್ಯಲು ಬಂದರು. ಅವಳು ಕಂಬಳಿ, ದಾರ, ಎಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದಳು. ಕಣ್ಣು ಊದಿಕೊಂಡಿತ್ತು.

"ಒಂದು ಮಾತು ಕೇಳ್ಲಾ, ಬೈಯಲ್ಲ ತಾನೇ?" ಅಂದರು ಡಾಕ್ಟರು.

"ಕೇಳಿ ಸಾರ್."

"ಚಿತ್ರ ಬರೆದೋರು ನಿಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ." ಅವಳು ದಾರದ ಗಂಟು ಬಿಚ್ಚುತ್ತ ಅಂದಳು. "ಯಾಕೆ?"

"ಮೊದಲ ಸಲ ಬಂದಾಗ ಆ ಗೋಡೆ ಮೇಲಿತ್ತಲ್ಲ. ಆಗ ಹಕ್ಕಿ ನಿಮ್ಮ ಮೇಜನ್ನೇ ನೋಡ್ತಿತ್ತು. ಪುಸ್ತಿಕೇಲಿ ನೋಡಿದ್ರೆ ಬಲಕ್ಕೆ, ಕಡಲ ಕಡೆ ಮುಖ. ಗೋಡೆ ಮೇಲೆ ನೋಡಿದ್ರೆ ಕತ್ತು ಪೂರ್ತಿ ಎಡಕ್ಕೆ, ನಿಮ್ಮ ಕಡೆ. ಯಾರೋ ಯಾರಿಗೋ ಹೇಳ್ತಿರೋ ಮಾತು, ಮಧ್ಯೆ ನಾನ್ಯಾಕೆ ಅಂತ ವಾಪಸು ಹೋದೆ. ಆಮೇಲೆ ನೀವೇ ಜಾಗ ಬದಲಾಯಿಸಿದ್ರಿ. ಬಾಗಿಲ ಕಡೆ ತಿರುಗಿಸಿದ್ದೀರಾ ಅಂದ್ರೆ ಬೇಡ ಅಂದಿರ್ಬೇಕು, ಹಾಗಾದ್ರೆ ನಾನು ತಗೋಬಹುದು ಅಂದ್ಕೊಂಡೆ."

ದಾರ ಅವಳ ಕೈಯಿಂದ ಜಾರಿತು.

"ಸಾರ್, ಒಂದು ಐದು ನಿಮಿಷ ಕೂತ್ಕೊಳ್ಳಿ."

ಅವಳು ಚಿತ್ರವನ್ನು ಅವುಚಿಕೊಂಡು ಹೋಗಿ ಹಳೆಯ ಮೊಳೆಗೆ ಸಿಕ್ಕಿಸಿದಳು. ಓರೆಯಾಗಿ ನೇತಾಡಿತು. ಮಟ್ಟ ನೋಡಲಿಲ್ಲ. ಹೊರಗೆ ಮೋಡ ಕವಿದಿತ್ತು, ಕಿಟಕಿಯಲ್ಲಿ ಬಿಸಿಲಿರಲಿಲ್ಲ. ಓಡಿಬಂದು ತನ್ನ ಕುರ್ಚಿಯಲ್ಲಿ ಕೂತಳು. ಕತ್ತೆತ್ತಿದಳು.

ಹಕ್ಕಿ ಅವಳನ್ನು ನೋಡುತ್ತಿತ್ತು.

ಬಂಡೆಯ ಮೇಲೆ ಎರಡೂ ಕಾಲೂರಿ ನಿಂತು, ಕಡಲಿಗೆ ಬೆನ್ನು ಹಾಕಿ, ಕತ್ತು ಪೂರ್ತಿ ತಿರುಗಿಸಿ, ಅವಳನ್ನೇ ನೋಡುತ್ತಿತ್ತು. ಕಣ್ಣಿನಲ್ಲಿ ಆ ಕಡೇ ಸಂಜೆ ಇಟ್ಟ ಸಣ್ಣ ಬಿಳಿ ಚುಕ್ಕೆ. ಮುಖವೆತ್ತಿ ಮಾತಾಡಲು ಧೈರ್ಯವಿಲ್ಲದ ಒಬ್ಬ ಮನುಷ್ಯ, ಇಷ್ಟು ದಿನ ಅವಳ ಕಣ್ಣಮುಂದೆಯೇ, ಅವಳ ಬೈಗುಳ ತಿನ್ನುತ್ತಲೇ, ಕೂದಲೆಳೆ ಕೂದಲೆಳೆಯಾಗಿ ಆ ಮುಖವನ್ನು ಅವಳತ್ತ ತಿರುಗಿಸಿದ್ದ.

ಅವಳು? ಎಲ್ಲವನ್ನೂ ಅಳೆದವಳು, ನೋಡಿರಲಿಲ್ಲ.

"ನಾನು ಬೇಡ ಅಂದಿಲ್ಲ ಸಾರ್," ಅಂದಳು ಅಳುತ್ತ. "ನಾನು ಬರೀ... ಬಿಸಿಲು ಬೀಳುತ್ತೆ ಅಂತ..."

ಡಾಕ್ಟರು ಕರವಸ್ತ್ರ ಕೊಟ್ಟರು. "ಅಳಬೇಡಿ. ಹೋಗಿ ಹೇಳಿ. ಆದ್ರೆ ಚಿತ್ರ ಮಾತ್ರ ನಂದೇ, ಮೊದಲೇ ಹೇಳಿರ್ತೀನಿ. ಚುಕ್ಕಿ ಬಿದ್ದಿದೆ."

*

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಕಡಿದಾದ ಮೆಟ್ಟಿಲು. ಅವಳ ಒಂದು ಕಂಕುಳಲ್ಲಿ ಅವನ ಎರಡು ಚಿತ್ರಗಳು, ಇನ್ನೊಂದು ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಕುಂಚಗಳ ಕಟ್ಟು. ಬಸ್ಸಿನಲ್ಲಿ ಚಿತ್ರಕ್ಕೆ ಯಾರೋ ಒರಗಿ ನಿದ್ದೆ ಮಾಡಿದ್ದರು, ಇಳಿಯುವಾಗ ಕಂಡಕ್ಟರ್ ಬೈದಿದ್ದ, ಮೆಟ್ಟಿಲಲ್ಲಿ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಪ್ರೀತಿ ಹೇಳಲು ಹೊರಟವಳಿಗೆ ಬಾಗಿಲು ತಟ್ಟುವ ಹೊತ್ತಿಗೆ ಮೈಯೆಲ್ಲ ಉರಿಯುತ್ತಿತ್ತು.

ಬಾಗಿಲು ತೆರೆಯಿತು. ಅದೇ ಹರಿದ ಮೊಣಕೈಯ ಅಂಗಿ.

"ಮೇಡಂ... ನೀವ್ಯಾಕೆ ಬಂದ್ರಿ? ಯಾರ ಕೈಲಾದ್ರೂ ಕಳಿಸಿದ್ರೆ ಆಗ್ತಿತ್ತು," ಅಂದ, ಅವಳ ಕಿತ್ತುಹೋದ ಚಪ್ಪಲಿ ನೋಡುತ್ತ.

"ಬಾಯಲ್ಲಿ ಹೇಳಕ್ಕೇನಾಗಿತ್ತು ನಿಮಗೆ?"

"ಏನನ್ನ?"

"ಹಕ್ಕಿ ಕತ್ತು ತಿರುಗಿಸೋಷ್ಟು ಹೊತ್ತಲ್ಲಿ ನಿಮ್ಮ ಕತ್ತು ತಿರುಗಿಸಿ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ. ನಂಗೆ ಹೇಗ್ರೀ ಗೊತ್ತಾಗ್ಬೇಕು? ಬೆಳಿಗ್ಗೆ ಆ ಗೋಡೆಗೆ ಬಿಸಿಲು ಬೀಳುತ್ತೆ. ನಾನು ಕೂತ್ಕೊಂಡು ನೋಡ್ದಾಗ ಹಕ್ಕಿ ತಲೆನೇ ಕಾಣ್ಲಿಲ್ಲ. ಬಿಸಿಲಿಗೆ ಅಂತ ಬದಲಾಯಿಸ್ದೆ. ಅಷ್ಟೇ. ಬಿಸಿಲಿಗೆ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಬಿಸಿಲಿಗಾ?"

"ಬಿಸಿಲಿಗೆ."

"ನಾನು... ಬಾಗಿಲು ತೋರಿಸಿದ್ರಿ ಅಂದ್ಕೊಂಡೆ."

"ಬಾಯಿ ತೆಗೆದು ಕೇಳಿದ್ರೆ ಗೊತ್ತಾಗ್ತಿತ್ತು." ಅವಳ ಕಣ್ಣು ತುಂಬಿತು, ಸಿಟ್ಟು ಮಾತ್ರ ಇಳಿಯಲಿಲ್ಲ. "ಆ ಎರಡನೇ ಕಾಲು ಯಾಕೆ ಬರೆದ್ರಿ? ನನ್ನ ಪುಸ್ತಿಕೆ ಹಾಳಾಯ್ತು."

"ತಲೆ ಆ ಕಡೆಯಿಂದ ಈ ಕಡೆಗೆ ತಿರುಗಿಸ್ತಾ ಬಂದ್ರೆ, ಒಂದೇ ಕಾಲಲ್ಲಿ ಬಿದ್ದುಹೋಗೋ ಹಾಗಿತ್ತು," ಅಂದ ಅವನು ಸಂಕೋಚದಿಂದ. "ಅದಕ್ಕೆ ಕಾಲು ಕೊಟ್ಟೆ. ಕಾಲು ಕೊಟ್ರೆ ಬಂಡೆ ಸಾಲ್ಲಿಲ್ಲ. ಬಂಡೆ ಅಗಲ ಮಾಡಿದ್ರೆ ರೆಕ್ಕೆ ಎತ್ತರ ಆಯ್ತು."

ಅಳುತ್ತಿದ್ದವಳಿಗೆ ನಗು ಬಂತು. ಹಾಳಾದ ನಗು, ಯಾವಾಗಲೂ ಬರಬಾರದ ಹೊತ್ತಿಗೇ ಬರುತ್ತಿತ್ತು.

"ಯಾವತ್ತಿಂದ?" ಅವಳು ಕೇಳಿದಳು.

"ಚಿತ್ರಗಳನ್ನ ತಂದಿಳಿಸಿದ ದಿನದಿಂದ. ನೀವು ಏಣಿ ಮೇಲಿದ್ರಿ. ನನ್ನನ್ನ ವ್ಯಾನಿನವನು ಅಂದ್ಕೊಂಡು, 'ಎತ್ತು, ಇನ್ನೂ ಎತ್ತು, ಕೈ ಯಾಕೆ ನಡುಗುತ್ತೆ, ಊಟ ಮಾಡಿಲ್ವಾ' ಅಂತ ಬೈದ್ರಿ. ನಾನು ಕೈ ಸೋತುಹೋದ್ರೂ ಹಿಡ್ಕೊಂಡೇ ಇದ್ದೆ. ಕೆಳಗಿಟ್ಟ ಮೇಲೆ, 'ಹಿಂದ್ಗಡೆ ಟೀ ಇದೆ, ಕುಡಿದು ಹೋಗು' ಅಂದ್ರಿ."

ಅವಳಿಗೆ ನೆನಪಾಯಿತು. ಮುಖ ನೆನಪಾಗಲಿಲ್ಲ. ಚಿತ್ರದ ಹಿಂದೆ ಇದ್ದ ಎರಡು ಕೈ ಮಾತ್ರ ನೆನಪಾದವು. ಆ ದಿನವೂ ಅವಳು ನೋಡಿದ್ದು ಅಂಚನ್ನೇ.

"ನಾನೂ ನಿಮ್ಮನ್ನ ನೋಡಿಲ್ಲ ಹಾಗಾದ್ರೆ," ಅಂದಳು ಮೆಲ್ಲಗೆ. "ಬರೀ ಬೈತಿದ್ದೆ."

ಕುಂಚಗಳ ಕಟ್ಟನ್ನು ಅವನ ಅಂಗೈಯಲ್ಲಿಟ್ಟಳು. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಉಗುರಂಚಿನಲ್ಲಿ ಇನ್ನೂ ಒಂದು ನೀಲಿ ಗೆರೆ ಉಳಿದಿತ್ತು. ಅವನು ಅದನ್ನು ಕಂಡ.

"ಇದು ಹೋಗೋ ಬಣ್ಣ," ಅಂದ ಅವನು. "ಉಜ್ಜಿದ್ರೆ ಹೋಗ್ತಿತ್ತು."

"ಗೊತ್ತು."

ಕೆಳಗೆ ಅಂಗಡಿಯಲ್ಲಿ ಯಾರೋ ಸೈಕಲ್ ಬೆಲ್ ಪರೀಕ್ಷೆ ಮಾಡುತ್ತಿದ್ದರು. ಅವನ ನೋಟ ಅವಳ ಉಗುರಿನಿಂದ ಮಣಿಕಟ್ಟಿಗೆ ಬಂತು. ಅಲ್ಲಿಂದ ಭುಜಕ್ಕೆ. ಕಿವಿಯ ಹತ್ತಿರ ಬಂದು, ಎಂದಿನ ಹಾಗೆ, ತಡವರಿಸಿ ನಿಂತಿತು.

"ಹಕ್ಕಿ ಡಾಕ್ಟರ ಜೊತೆ ಹೋಯ್ತು," ಅಂದಳು ಅವಳು. "ಇನ್ನು ಅದು ನನ್ನ ನೋಡಲ್ಲ."

"ಇನ್ನೊಂದು ಬರೀತೀನಿ."

"ಬೇಡ. ಇನ್ಮೇಲೆ ನೀವೇ ನೋಡಿ."

ಅವನು ಉಸಿರೆಳೆದುಕೊಂಡ. ಮುಖವೆತ್ತಿದ. ಮೊದಲ ಸಲ, ಅವಳ ಕಣ್ಣಲ್ಲಿ ಕಣ್ಣಿಟ್ಟ. ಅವನ ಕಿವಿ ಎರಡೂ 'ಮಾರಾಟವಾಗಿದೆ' ಚುಕ್ಕಿಯಷ್ಟು ಕೆಂಪಾಗಿದ್ದವು. ಆದರೂ ನೋಟ ಕದಲಲಿಲ್ಲ.

"ನೋಡ್ತಾ ಇದೀನಿ," ಅಂದ.

"ಹ್ಞೂಂ," ಅಂದಳು ಅವಳು. "ಕಾಣ್ತಾ ಇದೆ."